ಕಡೂರಿಗೆ ಎಸ್‌.ಪಿ., ಬೆಂಗಳೂರಿಗೆ ಕಮಿಷನರ್

ಎಮ್ಮೆದೊಡ್ಡಿ ಸೀಮೆಯವರಿಗೆ ಪೊಲೀಸ್ ಎಂದರೆ ಮೊದಲು ಠಾಣೆಯ ಎಸ್‌.ಐ., ಆಮೇಲೆ ಸರ್ಕಲ್, ತರೀಕೆರೆಯ ಡಿವೈಎಸ್‌ಪಿ, ಅವರ ಮೇಲೆ ಚಿಕ್ಕಮಗಳೂರಿನ ಎಸ್‌.ಪಿ. ಕಡೂರಿನಲ್ಲೋ ಬೀರೂರಿನಲ್ಲೋ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯುವ ನಮ್ಮ ಮಕ್ಕಳಿಗೆ ಅಲ್ಲಿ ಎಸ್‌.ಪಿ. ಸಿಗುವುದಿಲ್ಲ, ಕಮಿಷನರ್ ಇರುತ್ತಾರೆ. ಅಧಿಕಾರದ ಹಂಚಿಕೆಯೇ ಅಲ್ಲಿ ಬೇರೆ.

ಈ ಎರಡು ದಾರಿ ಬ್ರಿಟಿಷರ ಕಾಲದಲ್ಲೇ ಕವಲೊಡೆದವು. 1856ರ ಕಾಯ್ದೆ ಕಲ್ಕತ್ತ, ಮದರಾಸು, ಬೊಂಬಾಯಿಗಳಿಗೆ ಪೊಲೀಸ್ ಕಮಿಷನರನ್ನು ಕೊಟ್ಟಿತು. ಸಿಪಾಯಿ ದಂಗೆಯ ನಂತರ ಬಂದ 1861ರ ಕಾಯ್ದೆ ಜಿಲ್ಲೆಯ ಪೊಲೀಸರನ್ನು ಜಿಲ್ಲಾ ಮ್ಯಾಜಿಸ್ಟ್ರೇಟರ ಹತೋಟಿಗೆ ಒಳಪಡಿಸಿತು. ಬೆಂಗಳೂರಿನ ಕಥೆ ಇನ್ನೂ ತೊಡಕಿನದು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದರೂ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಪೇಟೆಗೆ ಮೈಸೂರಿನ ಪೊಲೀಸರು, ದಂಡಿಗೆ ಬೇರೆ ಪೊಲೀಸರು. 1947ರಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳಿತು. 1963ರಲ್ಲಿ ನಗರಕ್ಕೆ ಕಮಿಷನರೇಟ್ ಬಂತು, ಸಿ. ಚಾಂಡಿ ಮೊದಲ ಕಮಿಷನರ್ ಆದರು.

ವ್ಯತ್ಯಾಸ ಕಣ್ಣಿಗೆ ಬೀಳುವುದು ನಿಷೇಧಾಜ್ಞೆಯ ಹೊತ್ತಿನಲ್ಲಿ. ದತ್ತ ಜಯಂತಿಗೆ ಬಾಬಾಬುಡನ್‌ಗಿರಿಗೆ ಪ್ರವಾಸಿಗರನ್ನು ನಿರ್ಬಂಧಿಸುವ ಆದೇಶಕ್ಕೆ ಸಹಿ ಬೀಳುವುದು ಜಿಲ್ಲಾಧಿಕಾರಿಯದು, ಬಂದೋಬಸ್ತ್ ಎಸ್‌.ಪಿ.ಯವರ ಹೊಣೆ. ಬೆಂಗಳೂರಿನಲ್ಲಾದರೆ ಕಮಿಷನರಿಗೇ ಮ್ಯಾಜಿಸ್ಟ್ರೇಟ್ ಅಧಿಕಾರವಿದೆ. ಹಿಂದೆ 144 ಎನ್ನುತ್ತಿದ್ದ, ಈಗ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ ಬರುವ ಆದೇಶವನ್ನು ಅವರೇ ಹೊರಡಿಸುತ್ತಾರೆ, ಅವರ ಪಡೆಯೇ ಜಾರಿ ಮಾಡುತ್ತದೆ. ರೌಡಿಯ ಗಡಿಪಾರಿಗೂ ಕಂದಾಯ ಅಧಿಕಾರಿಗಳ ಬಾಗಿಲಿಗೆ ಹೋಗಬೇಕಿಲ್ಲ. ಗಲಭೆ ಗಳಿಗೆಯಲ್ಲಿ ಹಬ್ಬುವ ಮಹಾನಗರಕ್ಕೆ ಈ ವೇಗ ಬೇಕು, ಒಪ್ಪುತ್ತೇನೆ. ಆದರೆ ಕೇಳುವವರೂ ಕೊಡುವವರೂ ಒಂದೇ ಇಲಾಖೆಯವರಾದಾಗ, ನಡುವೆ ನಿಂತು ‘ಇದು ಬೇಕೇ?’ ಎನ್ನುವ ಇನ್ನೊಬ್ಬ ಅಧಿಕಾರಿ ಇರುವುದಿಲ್ಲ. ಆ ಪ್ರಶ್ನೆ ಕೇಳಲು ನಾಗರಿಕ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಜಿಲ್ಲೆಗಳ ಹಳೆಯ ಪದ್ಧತಿಯ ನಿಧಾನದಲ್ಲಿ ಒಂದು ರಕ್ಷಣೆಯಿದೆ ಎಂದೇ ನನ್ನ ನಂಬಿಕೆ.

ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಯ ಕೆಳಗೆ ವಿಭಾಗಕ್ಕೊಬ್ಬ ಡಿಸಿಪಿ, ಉಪವಿಭಾಗಕ್ಕೆ ಎಸಿಪಿ, ಠಾಣೆಗೆ ಇನ್‌ಸ್ಪೆಕ್ಟರ್. ನೂರಕ್ಕೂ ಹೆಚ್ಚು ಠಾಣೆಗಳಿವೆ. ಸಂಚಾರಕ್ಕೆ ಪ್ರತ್ಯೇಕ ಠಾಣೆಗಳು, ದೊಡ್ಡ ಅಪರಾಧಗಳಿಗೆ ಸಿಸಿಬಿ, ಬಂದೋಬಸ್ತಿಗೆ ಸಶಸ್ತ್ರ ಮೀಸಲು ಪಡೆ, ಗಸ್ತಿಗೆ ಹೊಯ್ಸಳ ವಾಹನ. ಇಷ್ಟೆಲ್ಲ ಇದ್ದರೂ ಬೀದಿಯ ಸುದ್ದಿ ಠಾಣೆಗೆ ಮುಟ್ಟಿಸುವುದು ಬೀಟ್ ಕಾನ್‌ಸ್ಟೇಬಲ್. ಬಾಡಿಗೆದಾರರು ತಿಂಗಳಿಗೊಮ್ಮೆ ಬದಲಾಗುವ ಬಡಾವಣೆಯಲ್ಲಿ ಆತನ ಕೆಲಸ ಹಳ್ಳಿಯ ಬೀಟಿಗಿಂತ ಬಹಳ ಕಷ್ಟ. ಹಳ್ಳಿಯಲ್ಲಿ ಹೊಸ ಮುಖ ಬಂದರೆ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ.

ಊರಲ್ಲಿರುವ ತಂದೆತಾಯಿಗೆ ತಿಳಿದಿರಬೇಕಾದ್ದು ಒಂದಿದೆ. ಬೆಂಗಳೂರಿನಲ್ಲಿ ಮಗಳಿಗೆ ಮೋಸವಾದರೆ ದೂರು ಕೊಡಲು ಅಲ್ಲಿಗೇ ಓಡಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಕಡೂರಿನ ಠಾಣೆಯಲ್ಲೂ ಅಂಥ ಗಂಭೀರ ದೂರು ದಾಖಲಿಸಬಹುದು. ಇದೇ ಜೀರೋ ಎಫ್‌ಐಆರ್. ಕಡತ ಇಲ್ಲಿಂದ ಬೆಂಗಳೂರಿನ ಠಾಣೆಗೆ ಹೋಗುತ್ತದೆ. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ಅದಕ್ಕೂ ಮೊದಲು 1930ಕ್ಕೆ ಕರೆ ಮಾಡಿ, ತಡಮಾಡಬೇಡಿ. ದೂರು ಬರೆಸಿದ ಮೇಲೆ ಎಫ್‌ಐಆರ್ ಪ್ರತಿಯನ್ನು ಕೇಳಿ ಪಡೆಯಿರಿ, ಅದಕ್ಕೆ ದುಡ್ಡಿಲ್ಲ.