ಹೊಳಪು ನೋಡಿ ಮುತ್ತು ಕೊಳ್ಳಿ

ಚಾರ್‌ಮಿನಾರ್ ನೋಡಲು ಹೋದ ಕನ್ನಡಿಗರಲ್ಲಿ ಪತ್ಥರ್‌ಗಟ್ಟಿಯ ಮುತ್ತಿನಂಗಡಿಗೆ ಕಾಲಿಡದೆ ಮರಳುವವರು ಕಡಿಮೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರಿನ ಕಡೆಯವರಿಗಂತೂ ಹೈದರಾಬಾದಿನ ನಂಟು ಹಳೆಯದು. ಗೊಂಚಲು ಗೊಂಚಲಾಗಿ ನೇತುಬಿಟ್ಟ ಬಿಳಿ, ಕೆನೆ, ಗುಲಾಬಿ ಎಳೆಗಳ ಮುಂದೆ ಕೂತ ಗಿರಾಕಿ ಕೇಳುವ ಮೊದಲ ಪ್ರಶ್ನೆ, ‘ಇದು ಅಸಲಿ ತಾನೇ?’ ಅಂಗಡಿಯವರು ಹೌದೆನ್ನುತ್ತಾರೆ, ಬಹಳ ಸಲ ಅದು ನಿಜವೂ ಹೌದು. ಆದರೆ ಆ ‘ಹೌದು’ ಒಳಗೇ ನೂರಾರು ರೂಪಾಯಿಯ ಎಳೆಯಿಂದ ಹಿಡಿದು ಹಲವು ಲಕ್ಷದ ಹಾರದವರೆಗೆ ಎಲ್ಲವೂ ಅಡಗಿರುತ್ತದೆ.

ಹೈದರಾಬಾದಿಗೆ ಸಮುದ್ರವಿಲ್ಲ. ನಿಜಾಮರ ಕಾಲದಲ್ಲಿ ಅಲ್ಲಿಗೆ ಬರುತ್ತಿದ್ದುದು ಪರ್ಷಿಯನ್ ಕೊಲ್ಲಿಯಲ್ಲಿ ಮುಳುಗುಗಾರರು ಜೀವ ಪಣಕ್ಕಿಟ್ಟು ಎತ್ತಿದ ಮುತ್ತು. ವ್ಯಾಪಾರದ ಬಂದರಿನ ಹೆಸರಿನಿಂದ ಅದಕ್ಕೆ ಬಸ್ರಾ ಮುತ್ತು ಎನ್ನುತ್ತಾರೆ. ರಂಧ್ರ ಕೊರೆಯುವುದು, ಜೋಡಿ ಹೊಂದಿಸುವುದು, ಪೋಣಿಸುವುದು ಹೈದರಾಬಾದಿನ ಕಸುಬು. ಆ ಕಸುಬು ಈಗಲೂ ಇದೆ, ಮುತ್ತಿನ ಊರು ಮಾತ್ರ ಬದಲಾಗಿದೆ. ಇಂದು ಅಲ್ಲಿ ಮಾರಾಟವಾಗುವ ಬಹುಪಾಲು ಮುತ್ತು ಚೀನಾದ ಕೆರೆ ಕೊಳಗಳಲ್ಲಿ ಬೆಳೆದ ಸಿಹಿನೀರಿನ ಮುತ್ತು; ಝೆಜಿಯಾಂಗ್ ಪ್ರಾಂತ್ಯದ ಝೂಜಿ ಅದರ ದೊಡ್ಡ ಪೇಟೆ. ಹಾಗಾಗಿ ‘ಬಸ್ರಾ’ ಎಂದು ಹೇಳಿ ಯಾರಾದರೂ ಸಾವಿರ ರೂಪಾಯಿಗೆ ಸರ ಕೊಡಲು ಬಂದರೆ ಅಲ್ಲಿಂದ ಎದ್ದುಬಿಡಿ.

ಮುತ್ತು ಕೃಷಿಯ ಬೆಳೆಯಾದದ್ದು ಜಪಾನಿನಲ್ಲಿ. ನೂಡಲ್ ಮಾರುವವರ ಮನೆಯಲ್ಲಿ ಹುಟ್ಟಿದ ಕೊಕಿಚಿ ಮಿಕಿಮೊಟೊ 1893ರಲ್ಲಿ ಚಿಪ್ಪಿನೊಳಗೆ ಅರೆಗೋಲದ ಮುತ್ತು ಬೆಳೆಸಿ ತೋರಿಸಿದ. ಪೂರ್ತಿ ದುಂಡನೆಯ ಮುತ್ತು ಬರಲು ಇನ್ನೂ ಕೆಲವು ವರ್ಷ ಬೇಕಾಯಿತು. ಅಂಥ ಮುತ್ತು ಪೇಟೆ ತುಂಬುವ ಮುಂಚೆ ಸಹಜ ಮುತ್ತಿನ ಬೆಲೆ ಎಷ್ಟಿತ್ತೆಂದರೆ, 1917ರಲ್ಲಿ ಕಾರ್ಟಿಯೆ ಸಂಸ್ಥೆ ಎರಡೆಳೆಯ ಒಂದು ಹಾರ ಮತ್ತು ನೂರು ಡಾಲರ್ ಕೊಟ್ಟು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಬಂಗಲೆಯನ್ನೇ ಪಡೆದಿತ್ತು. ಕೃಷಿ ಮುತ್ತು ಬಂದು, ಮೇಲೆ ಆರ್ಥಿಕ ಕುಸಿತವೂ ಸೇರಿ, 1930ರ ದಶಕದಲ್ಲಿ ಬಹರೇನ್, ಕುವೈತ್‌ಗಳ ಮುತ್ತಿನ ವ್ಯಾಪಾರ ನೆಲಕಚ್ಚಿತು. ನಮ್ಮಲ್ಲೂ ಮನ್ನಾರ್ ಕೊಲ್ಲಿಯ ಮುತ್ತು ಹಿಂದೆ ಪ್ರಸಿದ್ಧವಾಗಿತ್ತು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1973ರಲ್ಲಿ ತೂತುಕುಡಿಯಲ್ಲಿ ಕೃಷಿ ಮುತ್ತು ಬೆಳೆಸುವುದರಲ್ಲಿ ಯಶಸ್ಸು ಕಂಡಿತು.

ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದು ಮುತ್ತಾಗುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ಮರಳಿನ ಕಣದಿಂದ ಎನ್ನುವುದೂ ಅಷ್ಟೇನೂ ಸರಿಯಲ್ಲ. ಪರಾವಲಂಬಿ ಜೀವಿಯೋ ಗಾಯವೋ ಚಿಪ್ಪಿನ ಒಳಪೊರೆಯ ಕೋಶಗಳನ್ನು ಒಳಕ್ಕೆ ತಳ್ಳಿದಾಗ ಆ ಕೋಶಗಳು ಚೀಲವಾಗಿ, ಅದರೊಳಗೆ ಪದರದ ಮೇಲೆ ಪದರ ಕಟ್ಟುತ್ತವೆ. ಕೃಷಿಯಲ್ಲಿ ಆ ಒಳಪೊರೆಯ ಚೂರನ್ನು ಮನುಷ್ಯನೇ ಇಡುತ್ತಾನೆ. ಸಮುದ್ರದ ಮುತ್ತಿಗೆ ಜೊತೆಗೆ ಚಿಪ್ಪಿನಿಂದ ಕಡೆದ ದುಂಡು ಮಣಿಯೂ ಬೇಕು. ಹಾಗಾಗಿ ಜಪಾನಿನ ಅಕೋಯಾ ಮುತ್ತು ಚೆನ್ನಾಗಿ ದುಂಡಗಿದ್ದರೂ ಮೇಲಿನ ಮುತ್ತಿನ ಪದರ ಒಂದು ಮಿಲಿಮೀಟರಿಗಿಂತ ತೆಳು. ಚೀನಾದ ಸಿಹಿನೀರಿನ ಮುತ್ತು ಸಾಮಾನ್ಯವಾಗಿ ಮಣಿಯಿಲ್ಲದೆ ಬೆಳೆಯುವುದರಿಂದ ಒಳಗೂ ಹೊರಗೂ ಮುತ್ತೇ. ಒಂದೇ ಚಿಪ್ಪಿನಲ್ಲಿ ಇಪ್ಪತ್ತು ಮೂವತ್ತು ಬೆಳೆಯುತ್ತವೆ, ಅದಕ್ಕೇ ಅಗ್ಗ. ಅಗ್ಗವೆಂದು ಅದನ್ನು ಕಡೆಗಣಿಸುವುದು ಅನ್ಯಾಯ ಎಂದು ನನಗನಿಸುತ್ತದೆ. ದಿನವೂ ಹಾಕಿಕೊಳ್ಳಲು ಅದಕ್ಕಿಂತ ಗಟ್ಟಿಯಾದ ಮುತ್ತಿಲ್ಲ. ಆಸ್ಟ್ರೇಲಿಯಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್‌ಗಳ ದೊಡ್ಡ ಬಿಳಿ ಮತ್ತು ಬಂಗಾರ ಬಣ್ಣದ ಸೌತ್ ಸೀ ಮುತ್ತು, ಫ್ರೆಂಚ್ ಪಾಲಿನೇಷ್ಯಾದ ಕಪ್ಪು ತಾಹಿತಿ ಮುತ್ತು ಇವುಗಳ ಜಗತ್ತೇ ಬೇರೆ, ಬೆಲೆಯೂ ಬೇರೆ. ಕಡಿಮೆ ಬೆಲೆಗೆ ಅಚ್ಚ ಕಪ್ಪು ಸರ ಸಿಕ್ಕರೆ ಅದು ಬಣ್ಣ ಹಾಕಿದ ಸಿಹಿನೀರಿನ ಮುತ್ತೆಂದೇ ತಿಳಿಯಿರಿ.

ಕೊಳ್ಳುವಾಗ ಗಾತ್ರಕ್ಕೆ ಮರುಳಾಗುವವರೇ ಹೆಚ್ಚು. ನನ್ನ ಕೇಳಿದರೆ ಹೊಳಪಿಗೆ ಮೊದಲ ಮಣೆ. ಸರವನ್ನು ಅಂಗಡಿಯ ಕಣ್ಣುಕೋರೈಸುವ ದೀಪದಿಂದ ಬಾಗಿಲ ಬೆಳಕಿಗೆ ತನ್ನಿ. ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಮೆಲ್ಲಗೆ ಹೊರಳಿಸಿ. ಒಳ್ಳೆಯ ಮುತ್ತಿನಲ್ಲಿ ಕಿಟಕಿಯ ಅಂಚು, ನಿಮ್ಮ ಮುಖದ ಆಕಾರ ಚೂಪಾಗಿ ಮೂಡುತ್ತದೆ. ಕಳಪೆಯದು ಹಬೆ ಹಿಡಿದ ಕನ್ನಡಿಯ ಹಾಗೆ ಮಂಕು. ಪದರಗಳು ತೆಳುವಾಗಿ, ಒತ್ತಾಗಿ ಕೂತಷ್ಟೂ ಬೆಳಕು ಸ್ವಚ್ಛವಾಗಿ ಮರಳುತ್ತದೆ. ನೀರು ತಣ್ಣಗಾದಾಗ ಪದರ ನಿಧಾನವಾಗಿ, ನಯವಾಗಿ ಕಟ್ಟುವುದರಿಂದಲೇ ಜಪಾನಿನವರು ಅಕೋಯಾ ಚಿಪ್ಪುಗಳನ್ನು ಚಳಿಗಾಲದಲ್ಲಿ ತೆರೆಯುತ್ತಾರೆ.

ಆಮೇಲೆ ರಂಧ್ರ ನೋಡಿ. ಮುತ್ತಿನ ಗುಟ್ಟು ಹೆಚ್ಚಾಗಿ ಬಯಲಾಗುವುದು ಅಲ್ಲೇ. ಒಂದು ಭೂತಗನ್ನಡಿ ಕೇಳಿ ಪಡೆದು ದಾರ ಹಾಯುವ ಬಾಯಿಯನ್ನು ದಿಟ್ಟಿಸಿ. ನಕಲಿಯಲ್ಲಿ ಬಣ್ಣದ ಲೇಪ ಅಂಚಿನಲ್ಲಿ ಎದ್ದು, ಒಳಗಿನ ಗಾಜು ಅಥವಾ ಪ್ಲಾಸ್ಟಿಕ್ ಕಾಣುತ್ತದೆ. ಬಣ್ಣ ಕುಡಿಸಿದ ಮುತ್ತಿನಲ್ಲಿ ರಂಧ್ರದ ಸುತ್ತ ಬಣ್ಣ ಗಾಢವಾಗಿ ನಿಂತಿರುತ್ತದೆ. ಅಕೋಯಾ ಆದರೆ ಪದರ ಎಷ್ಟು ದಪ್ಪ, ಮಣಿ ಎಲ್ಲಿ ಶುರು ಎಂಬ ಗೆರೆಯೇ ಸಿಗಬಹುದು. ಹಲ್ಲಿನ ಅಂಚಿಗೆ ಮೆತ್ತಗೆ ಉಜ್ಜಿದರೆ ಮುತ್ತು ನವಿರಾಗಿ ತರಿತರಿ ಎನಿಸುತ್ತದೆ, ನಕಲಿ ಜಾರುತ್ತದೆ. ಈ ಪರೀಕ್ಷೆ ನಕಲಿಯನ್ನಷ್ಟೇ ಹಿಡಿಯುತ್ತದೆ. ಸಹಜವೋ ಕೃಷಿಯದೋ ಎಂದು ಹೇಳಲು ಪ್ರಯೋಗಾಲಯದ ಎಕ್ಸ್-ರೇಯೇ ಬೇಕು. ಅಜ್ಜಿಯ ಮುತ್ತಿನ ನತ್ತು, ಬುಗುಡಿ ಮನೆಯಲ್ಲಿದ್ದರೆ ಹೊಳಪು ಕಮ್ಮಿಯೆಂದು ಮುರಿಸಿ ಹಾಕುವ ಮೊದಲು ಒಮ್ಮೆ ಪರೀಕ್ಷೆ ಮಾಡಿಸಿ, ಅದರಲ್ಲಿ ಸಹಜ ಮುತ್ತೇ ಇರಬಹುದು. ಬಡೋದೆಯ ಮಹಾರಾಜರ ಹಾರದಿಂದ ಉಳಿದ ಎರಡೆಳೆಯ ಸರ 2007ರ ಹರಾಜಿನಲ್ಲಿ 70 ಲಕ್ಷ ಡಾಲರ್ ದಾಟಿತ್ತು.

‘ಎಎಎ ದರ್ಜೆ’ ಎಂಬ ಚೀಟಿಗೆ ಹೆಚ್ಚು ಬೆಲೆ ಕೊಡಬೇಡಿ. ಜಗತ್ತಿಗೆಲ್ಲ ಒಪ್ಪಿತವಾದ ಅಂಥ ದರ್ಜೆ ಇಲ್ಲ, ಒಬ್ಬೊಬ್ಬ ವ್ಯಾಪಾರಿಯದು ಒಂದೊಂದು ಅಳತೆ. ಸರ ಪೋಣಿಸಿದ ಬಗೆಯನ್ನು ನೋಡಿ: ಒಂದೊಂದು ಮುತ್ತಿನ ನಡುವೆ ಗಂಟು ಹಾಕಿದ್ದರೆ ಮುತ್ತು ಮುತ್ತಿಗೆ ತಿಕ್ಕುವುದಿಲ್ಲ, ದಾರ ಕಿತ್ತರೂ ಒಂದೇ ಉದುರುತ್ತದೆ.

ಮುತ್ತು ಮೃದು; ಬೆವರು, ಅತ್ತರು, ಹೇರ್ ಸ್ಪ್ರೇ, ಹುಳಿ ಎಲ್ಲವೂ ಅದನ್ನು ತಿನ್ನುತ್ತವೆ. ಸಿಂಗಾರವೆಲ್ಲ ಮುಗಿದ ಮೇಲೆ ಹಾಕಿ, ಮನೆಗೆ ಬಂದೊಡನೆ ಮೊದಲು ತೆಗೆದು ಮೆತ್ತನೆ ಬಟ್ಟೆಯಿಂದ ಒರೆಸಿ, ಬೇರೆ ಒಡವೆಗಳು ತಾಗದಂತೆ ಇಡಿ. ಚಿನ್ನದಂಗಡಿಯ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಲು ಬಿಡಬೇಡಿ.

ಚಿನ್ನಕ್ಕೆ ಕೂಡಿಸಿದ ಮುತ್ತಿನ ಒಡವೆಯಲ್ಲಿ ನಮ್ಮ ಹಣ ಹೆಚ್ಚು ಸೋರುವುದು ತೂಕದಲ್ಲಿ. ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು, ಮುತ್ತಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಒಟ್ಟು ತೂಕದಿಂದ ಮುತ್ತಿನ ತೂಕ ಕಳೆದು, ಉಳಿದ ಚಿನ್ನಕ್ಕಷ್ಟೇ ಚಿನ್ನದ ದರ ಹಾಕಬೇಕು. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಮುತ್ತಿನ ತೂಕ ಮತ್ತು ಬೆಲೆ ಬೇರೆ ಬೇರೆಯಾಗಿ ಇರಲಿ. ಜೊತೆಗೆ ಮುತ್ತು ಸಿಹಿನೀರಿನದೋ ಸಮುದ್ರದ್ದೋ, ಕೃಷಿಯದೋ ಸಹಜವೋ, ಬಣ್ಣ ಹಾಕಿದ್ದೋ ಅಲ್ಲವೋ ಎಂಬುದನ್ನೂ ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಮುತ್ತು ಕೊಳ್ಳಬೇಡಿ.