ಐದು ಉದಾಹರಣೆಗಳು ಸಾಲವೆ?

ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಒಂದು ವಿಚಿತ್ರ ಸಂಖ್ಯಾಶ್ರೇಣಿಯನ್ನು ಕುರಿತು ಬರೆದನು. 2ನ್ನು ಕ್ರಮವಾಗಿ 1, 2, 4, 8, 16ನೆಯ ಘಾತಗಳಿಗೆ ಏರಿಸಿ, ಒಂದೊಂದಕ್ಕೂ 1ನ್ನು ಕೂಡಿಸಿದರೆ 3, 5, 17, 257, 65,537 ದೊರೆಯುತ್ತವೆ. ಇವೆಲ್ಲವೂ ಅವಿಭಾಜ್ಯ ಸಂಖ್ಯೆಗಳು; ಎಂದರೆ 1 ಮತ್ತು ಅದೇ ಸಂಖ್ಯೆಯ ಹೊರತು ಬೇರಾವುದೂ ಇವನ್ನು ನಿಶ್ಶೇಷವಾಗಿ ಭಾಗಿಸಲಾರದು. ಶ್ರೇಣಿಯು ಕೊನೆಯವರೆಗೂ ಹೀಗೆಯೇ ಸಾಗುವುದೆಂದು ಫರ್ಮಾ ನಂಬಿದನು. ಸಾಧನೆಯನ್ನು ಮಾತ್ರ ಕೊಡಲಿಲ್ಲ.

ಮುಂದಿನ ಸಂಖ್ಯೆ 2³² + 1, ಎಂದರೆ 4,29,49,67,297. ಇದು 641 ಮತ್ತು 67,00,417 ಇವುಗಳ ಗುಣಲಬ್ಧವೆಂದು 1732ರಲ್ಲಿ ಆಯ್ಲರನು ತೋರಿಸಿದನು! ದೀರ್ಘ ಭಾಗಾಕಾರದ ಶ್ರಮವಿಲ್ಲದೆಯೇ ನಾವು 641ನ್ನು ಪರೀಕ್ಷಿಸಬಹುದು.

641 = 5⁴ + 2⁴; ಆದುದರಿಂದ 2⁴ = 641 − 5⁴. ಎರಡು ಪಕ್ಷಗಳನ್ನೂ 2²⁸ರಿಂದ ಗುಣಿಸೋಣ. 5 × 2⁷ = 640 ಆಗಿರುವುದರಿಂದ 5⁴ × 2²⁸ = 640⁴. ಹೀಗೆ,

2³² = 641 × 2²⁸ − 640⁴

ಎರಡು ಪಕ್ಷಗಳಿಗೂ 1ನ್ನು ಕೂಡಿಸಿದರೆ,

2³² + 1 = 641 × 2²⁸ − (640⁴ − 1)

ಆದರೆ 640⁴ − 1 = (640 + 1)(640 − 1)(640² + 1). ಬಲಪಕ್ಷದ ಎರಡು ಪದಗಳಲ್ಲಿಯೂ 641 ಅಪವರ್ತನವಾಗಿದೆ. ಆದುದರಿಂದ ಎಡಪಕ್ಷವನ್ನೂ ಅದು ಭಾಗಿಸಲೇಬೇಕು.

ಈ ಶ್ರೇಣಿಯಲ್ಲಿ ಆರನೆಯ ಅವಿಭಾಜ್ಯ ಸಂಖ್ಯೆ ಇಂದಿನವರೆಗೂ ದೊರೆತಿಲ್ಲ. ಹಾಗೆಂದು ಅಂತಹುದು ಇಲ್ಲವೇ ಇಲ್ಲವೆಂದು ನಾವು ಸಾರಿದರೆ ಫರ್ಮಾನ ತಪ್ಪನ್ನೇ ಮಾಡಿದಂತಾಗುವುದು. ಅದಕ್ಕೂ ಸಾಧನೆ ಬೇಕು.