ದೃಶ್ಯಕ್ಕೆ ಮಟ್ಟು ಕಟ್ಟುವವರು

ಬೇಸಿಗೆ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದ ತಾಲೀಮು ಜೋರು. ಹಗಲೆಲ್ಲ ಕಾಯಿ ಕೆಡವಿದವರು, ಸುಲಿದವರು, ಕೊಬ್ಬರಿ ಮೂಟೆ ಹೊತ್ತವರು ಊಟ ಮುಗಿಸಿ ದೇವಸ್ಥಾನದ ಪಡಸಾಲೆಗೆ ಬರುತ್ತಾರೆ. ಮೂಲೆಯಲ್ಲಿ ಕಾಲು ಹಾರ್ಮೋನಿಯಂ, ಪಕ್ಕದಲ್ಲಿ ತಬಲ. ದುರ್ಯೋಧನ ಗದೆಯನ್ನು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಹಾಕಿದ. ಐದನೆಯ ಹೆಜ್ಜೆಗೆ ಮಾತು ಮರೆತುಹೋಯಿತು. ಹಾರ್ಮೋನಿಯಂ ಮೇಷ್ಟ್ರು ಕೊನೆಯ ಸ್ವರವನ್ನು ಬಿಡದೆ ಎಳೆದರು, ಅದನ್ನೇ ಸುತ್ತಿಸಿ ಬಳಸಿ ಮತ್ತೆ ಅಲ್ಲಿಗೇ ತಂದು ನಿಲ್ಲಿಸಿದರು. ಅಷ್ಟರಲ್ಲಿ ದುರ್ಯೋಧನನಿಗೆ ಮಾತು ನೆನಪಾಯಿತು. ಮೇಷ್ಟ್ರ ಬೆರಳು ಬಿಳಿ ಮನೆ, ಕರಿ ಮನೆಗಳ ಮೇಲೆ ಓಡಾಡುತ್ತಿದ್ದರೂ ಕಣ್ಣು ಮಾತ್ರ ನಟನ ಕಾಲಿನ ಮೇಲೆ.

ದೃಶ್ಯ ನೋಡುತ್ತ ಅದಕ್ಕೆ ಬೇಕಾದಷ್ಟೇ ನುಡಿಸುವ ಈ ಕಸುಬಿಗೆ ಸಿನಿಮಾದವರು ರೀರೆಕಾರ್ಡಿಂಗ್ ಎನ್ನುತ್ತಾರೆ. ಕನ್ನಡ ಸಿನಿಮಾಕ್ಕೆ ಅದು ಬಂದದ್ದು ಈ ದಾರಿಯಿಂದಲೇ. ತಿಪಟೂರಿನಿಂದ ಬೆಂಗಳೂರಿಗೆ ಹೊರಟ ರೈಲು ಗುಬ್ಬಿಯನ್ನು ಹಾದು ಹೋಗುತ್ತದೆ. ಅಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಸುತ್ತಿತು. ಆ ಕಂಪನಿಗೆ ನಾಟಕ, ಹಾಡು ಬರೆದುಕೊಟ್ಟ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಊರೂ ತುಮಕೂರು ಸೀಮೆಯದೇ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು, ಹಾಡು ಬರೆದವರು ಅವರು. ರಾವಣನ ಪಾತ್ರ ಮಾಡಿದ ಆರ್. ನಾಗೇಂದ್ರರಾಯರೇ ಸಂಗೀತವನ್ನೂ ನೋಡಿಕೊಂಡರು. ಕೊಲ್ಲಾಪುರದಲ್ಲಿ ಚಿತ್ರೀಕರಣವಾದ ಆ ಚಿತ್ರ ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ತಿಪಟೂರಿನ ನರಸಿಂಹರಾಜು ನಗಿಸುವುದಕ್ಕೆಂದು ತೆರೆಗೆ ಬಂದ ‘ಬೇಡರ ಕಣ್ಣಪ್ಪ’ದ (1954) ಬೇರೂ ಗುಬ್ಬಿ ಕಂಪನಿಯಲ್ಲಿದೆ.

ಆರಂಭದ ವಾಕ್ಚಿತ್ರಗಳಲ್ಲಿ ನಟರು ಕ್ಯಾಮೆರಾದ ಮುಂದೆಯೇ ಹಾಡಬೇಕಿತ್ತು, ವಾದ್ಯದವರು ಚೌಕಟ್ಟಿನಾಚೆ ಮರೆಯಾಗಿ ಕೂತು ನುಡಿಸಬೇಕಿತ್ತು. ಹಿನ್ನೆಲೆ ಗಾಯನ ಬಂದ ಮೇಲೆ ಹಾಡು ಸ್ಟುಡಿಯೊ ಸೇರಿತು. ದಶಕಗಳ ಕಾಲ ಮದ್ರಾಸೇ ಕನ್ನಡದ ಹಾಡುಗಳ ತವರಾಯಿತು. ರೀರೆಕಾರ್ಡಿಂಗ್ ದಿನ ಪರದೆಯ ಮೇಲೆ ರೀಲು ಓಡುತ್ತಿತ್ತು. ಪಿಟೀಲಿನವರು, ಕೊಳಲಿನವರು, ತಬಲದವರು ಸ್ವರ ಬರೆದ ಹಾಳೆ ಮುಂದಿಟ್ಟುಕೊಂಡು ಒಟ್ಟಿಗೇ ನುಡಿಸುತ್ತಿದ್ದರು. ಒಬ್ಬ ತಪ್ಪಿದರೆ ರೀಲು ಮತ್ತೆ ಮೊದಲಿಗೆ.

ಈಗ ಒಬ್ಬನೇ ಕೂತು ಕೆಲಸ ಮಾಡುವ ಕೋಣೆಯೂ ಸಾಕು. ಒಂದು ಸನ್ನಿವೇಶ ತೆಗೆದುಕೊಳ್ಳಿ: ಮಳೆಯಿಲ್ಲದೆ ತೋಟ ಒಣಗಿದೆ, ಮಗ ಬೆಂಗಳೂರಿನ ಬಸ್ಸು ಹತ್ತಿದ್ದಾನೆ, ಅಪ್ಪ ರಸ್ತೆ ಬದಿ ನಿಂತಿದ್ದಾನೆ. ಮಾತಿಲ್ಲ. ಬಸ್ಸು ಹೊರಡುವ ಗಳಿಗೆಗೇ ತಾಳದ ಸಮ ಬೀಳಬೇಕು ಎಂದು ನಿರ್ದೇಶಕನ ಹಟ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನಂತೆ ಓಡುತ್ತದೆ; ನಿಮಿಷಕ್ಕೆ 120 ಪೆಟ್ಟಿನ ಲಯ ಇಟ್ಟರೆ ಒಂದೊಂದು ಪೆಟ್ಟಿಗೂ 12 ಫ್ರೇಮು. ಬಸ್ಸು ಕದಲುವುದು 17 ಸೆಕೆಂಡು ಕಳೆದ ಮೇಲೆ. ಅಷ್ಟರಲ್ಲಿ 34 ಪೆಟ್ಟು ಆಗಿಹೋಗುತ್ತದೆ, ನಾಲ್ಕು ಪೆಟ್ಟಿನ ಆವರ್ತ ಅರ್ಧಕ್ಕೆ ಬಂದಿರುತ್ತದೆ. ಲಯವನ್ನು 113ರ ಹತ್ತಿರಕ್ಕೆ ಇಳಿಸಿದರೆ 32 ಪೆಟ್ಟು, ಅಂದರೆ ಎಂಟು ಆವರ್ತ ಸರಿಯಾಗಿ ಮುಗಿದು, ಒಂಬತ್ತನೆಯದರ ಮೊದಲ ಪೆಟ್ಟಿಗೆ ಚಕ್ರ ಉರುಳುತ್ತದೆ. ನೋಡುವವರಿಗೆ ಈ ಲೆಕ್ಕ ಗೊತ್ತಾಗುವುದಿಲ್ಲ, ಎದೆ ಮಾತ್ರ ಧಸಕ್ಕೆನ್ನುತ್ತದೆ.

ಅದೇ ಸನ್ನಿವೇಶಕ್ಕೆ ಹಾಡು ಬೇಕೆಂದರೆ ಕೆಲಸ ಬೇರೆ ಥರ. ಸಂಗೀತ ನಿರ್ದೇಶಕ ‘ತಾನ ತನನ’ ಎಂದು ಗುನುಗುತ್ತಾನೆ, ಮೊಬೈಲಿನಲ್ಲಿ ಹಿಡಿದಿಡುತ್ತಾನೆ, ಹತ್ತು ಕಟ್ಟಿ ಒಂಬತ್ತನ್ನು ಬಿಸಾಡುತ್ತಾನೆ. ಉಳಿದ ಒಂದನ್ನು ವಾದ್ಯಗಳಿಲ್ಲದೆ ಬರಿಗಂಟಲಲ್ಲಿ ಹಾಡಿ ನೋಡುತ್ತಾನೆ. ಅಟ್ಟದಲ್ಲಿ ತಿಂಗಳುಗಟ್ಟಲೆ ಬಿಟ್ಟ ಕಾಯಿಯನ್ನು ನಮ್ಮ ರೈತ ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದಿದ್ದರೆ ಅಲ್ಲೇ ಇಟ್ಟು, ಗಿಟುಕಾಗಿ ಚಿಪ್ಪಿಗೆ ಬಡಿದರೆ ಮಾತ್ರ ಮಚ್ಚು ಎತ್ತಿಕೊಳ್ಳುವ ಹಾಗೆ ಇದೂ ಕಿವಿಯ ಪರೀಕ್ಷೆ. ಪಾಸಾದ ಟ್ಯೂನಿಗೆ ಕವಿ ಮಾತು ಕೂರಿಸುತ್ತಾನೆ. ಆಮೇಲೆ ಒಬ್ಬರು ಟ್ರ್ಯಾಕ್ ಹಾಡಿಕೊಡುತ್ತಾರೆ, ಅದನ್ನು ಕೇಳಿಕೊಂಡು ಹೆಸರಾಂತ ಗಾಯಕರು ಹಾಡುತ್ತಾರೆ, ಕೊನೆಗೆ ಮಿಕ್ಸಿಂಗ್.

ಕಂಪನಿ ನಾಟಕದವರಿಗೆ ಮಟ್ಟುಗಳ ಸಾಲ ಇದ್ದೇ ಇತ್ತು. ಮರಾಠಿ, ಪಾರ್ಸಿ ನಾಟಕಗಳ ಧಾಟಿಗೆ ಕನ್ನಡದ ಮಾತು ಹೊಂದಿಸುತ್ತಿದ್ದರು. ಆ ಗರಡಿಯಲ್ಲೇ ಪಳಗಿದ ಒಬ್ಬರು ಸಾಲ ಬೇಡವೆಂದರು. ಹುಡುಗನಾಗಿ ಗುಬ್ಬಿ ಕಂಪನಿ ಸೇರಿ, ವೀರಣ್ಣನವರ ನೆರವಿನಿಂದಲೇ ಕಾಶಿಗೆ ಓದಲು ಹೋದ ಬಿ.ವಿ. ಕಾರಂತರು 1975ರ ‘ಚೋಮನ ದುಡಿ’ಯನ್ನು ನಿರ್ದೇಶಿಸಿ ಸಂಗೀತವನ್ನೂ ಕೊಟ್ಟರು. ಅಲ್ಲಿ ದುಡಿ ಹಿನ್ನೆಲೆಯಲ್ಲಿ ಕೂರುವುದಿಲ್ಲ. ಚೋಮನ ಸಿಟ್ಟು, ಸೋಲು ಎಲ್ಲ ಅದರ ಚರ್ಮದ ಮೇಲೆಯೇ. ಮುಂದೆ ‘ಋಷ್ಯಶೃಂಗ’, ‘ಘಟಶ್ರಾದ್ಧ’ಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು.

ಇಂದಿನ ಲ್ಯಾಪ್‌ಟಾಪಿನಲ್ಲಿ ಯುರೋಪಿನ ಇಡೀ ವಾದ್ಯವೃಂದವೇ ಸ್ಯಾಂಪಲ್ ಆಗಿ ತುಂಬಿದೆ. ಕಾಸು ಕೊಟ್ಟ ಯಾರಿಗಾದರೂ ಅದು ಸಿಗುತ್ತದೆ, ಅದಕ್ಕೇ ಹತ್ತು ಸಿನಿಮಾಗಳ ಸಂಗೀತ ಒಂದೇ ಥರ ಕೇಳುತ್ತದೆ. ಕಲ್ಲೇಶ್ವರನ ಗುಡಿಯ ಛತ್ತಿನಲ್ಲಿ ಶಿವ ಕುಣಿಯುವ ಅರಳಗುಪ್ಪೆ ತಿಪಟೂರು ತಾಲ್ಲೂಕಿನದು, ಮೂಡಲಪಾಯ ಯಕ್ಷಗಾನಕ್ಕೆ ಹೆಸರಾದ ಊರು. ಮೂಡಲಪಾಯದ ಮುಖವೀಣೆಯ ಸೀಳುದನಿ ರೆಡಿಮೇಡ್ ಸ್ಯಾಂಪಲ್ಲುಗಳಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ಹೊಸ ಸದ್ದು ಬೇಕೆಂಬ ಸಂಗೀತ ನಿರ್ದೇಶಕರು ಮೈಕು ಹಿಡಿದು ಇಂಥ ಊರುಗಳಿಗೆ ಬರಬೇಕು. ನುಡಿಸಿದವನಿಗೆ ಕೂಲಿ ಕೊಟ್ಟರಷ್ಟೇ ಸಾಲದು, ಟೈಟಲ್ ಕಾರ್ಡಿನಲ್ಲಿ ಅವನ ಹೆಸರೂ ಇರಬೇಕು.